ತಾರಸಿ ನಮ್ಮದು, ಹೊಣೆ ಎಲ್ಲಿಯವರೆಗೆ?

ಸೌರ ಫಲಕ ಈಗ ಸಿರಿವಂತರ ಬಂಗಲೆಗಳಿಗೆ ಮಾತ್ರ ಸೀಮಿತವಾದ ವಸ್ತುವಲ್ಲ. ದಾವಣಗೆರೆಯಿಂದ ಹರಿಹರದತ್ತ ಹಳೆಯ ಪಿ.ಬಿ. ರಸ್ತೆಯಲ್ಲಿ ಸಾಗುವವರು ತಲೆಯೆತ್ತಿ ನೋಡಿದರೆ ಅಂಗಡಿಗಳ ಮೇಲೆ, ಮನೆಗಳ ತಾರಸಿಯ ಮೇಲೆ ಅಲ್ಲಲ್ಲಿ ಬಿಸಿಲಿಗೆ ಮುಖ ಮಾಡಿ ಮಲಗಿದ ಗಾಜಿನ ಹಲಗೆಗಳು ಕಾಣಿಸುತ್ತವೆ. ಅವುಗಳ ಜೊತೆಗೇ ಒಂದು ಪ್ರಶ್ನೆಯೂ ಮನೆಮನೆಗೆ ಬಂದಿದೆ. "ನಾಲ್ಕು ಬೋಲ್ಟು, ಎರಡು ವೈರು. ನಾವೇ ಹಾಕ್ಕೊಂಡ್ರಾತಲ್ಲ, ಅದಕ್ಕ್ಯಾಕೆ ಕಂಪನಿಯೋರಿಗೆ ದುಡ್ಡು ಸುರೀಬೇಕು?"

ಈ ಮಾತನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ಹರಿಹರದಂಥ ಊರಿನಲ್ಲಿ ಅದು ಅಹಂಕಾರದಿಂದ ಹುಟ್ಟಿದ ಮಾತಲ್ಲ. 1941ರಲ್ಲಿ ಇಲ್ಲಿ ಆರಂಭವಾದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆ ದೇಶಕ್ಕೆ ಲೇತ್ ಯಂತ್ರಗಳನ್ನು ಕೊಟ್ಟಿತು. ಕಾರ್ಖಾನೆ ಮುಚ್ಚಿತು, ಆದರೆ ಅದು ಕಲಿಸಿದ ಕೆಲಸ ಮುಚ್ಚಿಹೋಗಲಿಲ್ಲ. ಕೂದಲೆಳೆಯಷ್ಟು ಅಳತೆ ತಪ್ಪದಂತೆ ಉಕ್ಕನ್ನು ಕಡೆದ ಕೈಗಳಿಗೆ ಒಂದು ಚೌಕಟ್ಟನ್ನು ತಾರಸಿಯ ಮೇಲೆ ನಿಲ್ಲಿಸುವುದು ದೊಡ್ಡ ಕೆಲಸವೇನಲ್ಲ. ದಾವಣಗೆರೆಯ ಗಲ್ಲಿಗಳಲ್ಲಿ ವೆಲ್ಡಿಂಗ್, ಮೋಟಾರ್ ರಿವೈಂಡಿಂಗ್, ವೈರಿಂಗ್ ಮಾಡಿ ಬದುಕುವ ಕುಟುಂಬಗಳ ಮಾತೂ ಅಷ್ಟೇ. ಅವರಿಗೆ ಬೇರೆಯವರನ್ನು ಕರೆಯುವುದೇ ತುಸು ಅವಮಾನದಂತೆ ತೋರಬಹುದು.

ನಮ್ಮ ಧಾರ್ಮಿಕ ಪರಂಪರೆಗಳೂ ಸ್ವಂತ ಕೈಯ ದುಡಿಮೆಯ ಪಕ್ಷದಲ್ಲೇ ಇವೆ. ಪ್ರವಾದಿ ಮುಹಮ್ಮದ್(ಸ)ರು ತಮ್ಮ ಚಪ್ಪಲಿಯನ್ನು ತಾವೇ ಹೊಲಿದುಕೊಳ್ಳುತ್ತಿದ್ದರು, ಬಟ್ಟೆಗೆ ತಾವೇ ತೇಪೆ ಹಾಕುತ್ತಿದ್ದರು ಎಂದು ಅವರ ಪತ್ನಿ ಆಯಿಶಾ(ರ) ತಿಳಿಸಿದ್ದಾರೆ. ಪ್ರವಾದಿ ದಾವೂದ್(ಅ)ರು ತಮ್ಮ ಕೈಗಳ ದುಡಿಮೆಯಿಂದಲೇ ಉಣ್ಣುತ್ತಿದ್ದರೆಂಬುದನ್ನು ಹದೀಸ್ ಆದರ್ಶವಾಗಿ ಮುಂದಿಡುತ್ತದೆ. ಈ ನೆಲದ ಶರಣರು ಕಾಯಕವನ್ನು ಪೂಜೆಗಿಂತ ಮೇಲೆ ನಿಲ್ಲಿಸಿದರು. ಹುಲ್ಲಿನ ಹಗ್ಗ ಹೊಸೆದು ಮಾರುತ್ತಿದ್ದ ನುಲಿಯ ಚಂದಯ್ಯನಂಥವರನ್ನು ಅವರು ಶರಣರ ಸಾಲಿನಲ್ಲೇ ಕೂರಿಸಿದರು. ಆದ್ದರಿಂದ ತನ್ನ ಮನೆಯ ಕೆಲಸವನ್ನು ತಾನೇ ಮಾಡಿಕೊಳ್ಳಬೇಕೆಂಬ ಹಂಬಲ ಸಣ್ಣದಲ್ಲ. ಅದರಲ್ಲಿ ಉಳಿತಾಯವಿದೆ, ಕಲಿಕೆಯಿದೆ, ಆತ್ಮಗೌರವವೂ ಇದೆ.

ಆದರೆ ಚಪ್ಪಲಿಯ ಹೊಲಿಗೆ ಬಿಚ್ಚಿದರೆ ಹೊಲಿದವನ ಕಾಲಿಗೇ ಮುಳ್ಳು ಚುಚ್ಚುತ್ತದೆ. ತಾರಸಿಯ ಮೇಲಿನ ವಿದ್ಯುತ್ತಿನ ಕಥೆ ಹಾಗಲ್ಲ. ಅಲ್ಲಿ ಆಗುವ ತಪ್ಪಿನ ಬೆಲೆಯನ್ನು ತೆರುವವನು ತಪ್ಪು ಮಾಡಿದವನೇ ಆಗಿರಬೇಕೆಂದಿಲ್ಲ. ನಾವು ಯೋಚಿಸಬೇಕಾದ ನೈತಿಕ ಪ್ರಶ್ನೆ ಇರುವುದು ಈ ವ್ಯತ್ಯಾಸದಲ್ಲಿ.

ಮೊದಲು ಈ ವಸ್ತುವಿನ ಸ್ವಭಾವವನ್ನು ತಿಳಿಯೋಣ. ಮನೆಯ ಬೇರೆ ಯಾವ ಉಪಕರಣವನ್ನಾದರೂ ಸ್ವಿಚ್ ಒತ್ತಿ ಆರಿಸಬಹುದು. ಸೌರ ಫಲಕಕ್ಕೆ ಅಂಥ ಸ್ವಿಚ್ ಇಲ್ಲ. ಬಿಸಿಲಿರುವವರೆಗೂ ಅದು ವಿದ್ಯುತ್ ಹುಟ್ಟಿಸುತ್ತಲೇ ಇರುತ್ತದೆ. ಇಂದು ಮಾರುಕಟ್ಟೆಯಲ್ಲಿ ಸಾಮಾನ್ಯವಾಗಿರುವ 540 ವಾಟ್‌ನ ಒಂದು ಫಲಕ 40ರಿಂದ 50 ವೋಲ್ಟ್ ಕೊಡುತ್ತದೆ. 3 ಕಿಲೋವಾಟ್‌ಗಾಗಿ ಅಂಥ ಆರನ್ನು ಒಂದರ ಹಿಂದೊಂದು ಜೋಡಿಸಿದರೆ 250ರಿಂದ 300 ವೋಲ್ಟ್ ನೇರ ವಿದ್ಯುತ್, ಅಂದರೆ ಡಿ.ಸಿ., ಸಿದ್ಧವಾಗುತ್ತದೆ. ನಮ್ಮ ಮನೆಗಳ ಎ.ಸಿ. ವಿದ್ಯುತ್ ಸೆಕೆಂಡಿಗೆ ನೂರು ಬಾರಿ ಸೊನ್ನೆಗೆ ಇಳಿದು ಏರುತ್ತದೆ. ಹೀಗಾಗಿ ಎಲ್ಲಾದರೂ ಕಿಡಿ ಹಾರಿದರೆ ಅದು ತಾನಾಗಿ ನಂದುವ ಸಾಧ್ಯತೆ ಹೆಚ್ಚು. ಡಿ.ಸಿ. ಸೊನ್ನೆಗೆ ಇಳಿಯುವುದೇ ಇಲ್ಲ. ಸರಿಯಾಗಿ ಒತ್ತದ ಒಂದು ಕನೆಕ್ಟರ್, ಇಲಿ ಕಡಿದ ಒಂದು ವೈರು ಸಾಕು, ಅಲ್ಲಿ ಹತ್ತಿದ ಕಿಡಿ ಬೆಸುಗೆಯ ಜ್ವಾಲೆಯಂತೆ ಉರಿಯುತ್ತಲೇ ಇರಬಹುದು. ಮನೆ ವೈರಿಂಗ್‌ನಲ್ಲಿ ಇಪ್ಪತ್ತು ವರ್ಷ ಪಳಗಿದ ಕೈಯೂ ಇಲ್ಲಿ ಹೊಸದಾಗಿಯೇ ಕಲಿಯಬೇಕು. ಎ.ಸಿ.ಗೆಂದು ಮಾಡಿದ ಎಂಸಿಬಿಯನ್ನು ಡಿ.ಸಿ.ಗೆ ಹಾಕಿ ನಿಶ್ಚಿಂತೆಯಿಂದ ಇರುವವರು ಈ ಭೇದವನ್ನು ಅರಿಯದವರು.

ಎರಡನೆಯದು ಗಾಳಿ. ಒಂದು ಫಲಕ 25 ಕಿಲೋಗಿಂತಲೂ ಹೆಚ್ಚು ತೂಗುತ್ತದೆ, ಬಾಗಿಲಿಗಿಂತಲೂ ಅಗಲವಾಗಿರುತ್ತದೆ. ನಮ್ಮ ಅಕ್ಷಾಂಶಕ್ಕೆ ತಕ್ಕಂತೆ ದಕ್ಷಿಣಕ್ಕೆ ಮುಖ ಮಾಡಿ 14-15 ಡಿಗ್ರಿ ಓರೆಯಾಗಿ ನಿಲ್ಲಿಸಿದಾಗ ಅದು ಹಡಗಿನ ಪಟದ ಹಾಗೆ. ಏಪ್ರಿಲ್-ಮೇ ತಿಂಗಳಲ್ಲಿ ಬಯಲುಸೀಮೆಯ ಗುಡುಗು-ಗಾಳಿ ಅದರ ಅಡಿಗೆ ನುಗ್ಗಿದರೆ ಮೇಲಕ್ಕೆ ಎತ್ತುತ್ತದೆ. ಒಂಟೆಯನ್ನು ಕಟ್ಟಿ ಆಮೇಲೆ ದೇವರ ಮೇಲೆ ಭರವಸೆ ಇಡು ಎಂಬರ್ಥದ ಪ್ರವಾದಿ ಬೋಧನೆಯನ್ನು ನಾವು ಭಾಷಣಗಳಲ್ಲಿ ಆಗಾಗ ಕೇಳುತ್ತೇವೆ. ತಾರಸಿಯ ಮೇಲೆ ಆ ಬೋಧನೆಗೆ ಬಹಳ ನೇರವಾದ ಅರ್ಥವಿದೆ. ಗಾಳಿಯ ಎತ್ತುವ ಬಲವನ್ನು ಲೆಕ್ಕ ಹಾಕಿ ಬೋಲ್ಟ್ ಬಿಗಿಯುವುದೂ ತವಕ್ಕುಲ್‌ನ ಭಾಗವೇ.

ಮೂರನೆಯದು ಎಲ್ಲಕ್ಕಿಂತ ಗಂಭೀರ. ಬೆಸ್ಕಾಂನವರು ಒಂದು ಬೀದಿಯ ಲೈನ್ ಬಂದ್ ಮಾಡಿದ್ದಾರೆ. ಲೈನ್‌ಮನ್ ಕಂಬ ಹತ್ತಿದ್ದಾನೆ. ಅದೇ ಬೀದಿಯ ಒಂದು ಮನೆಯಲ್ಲಿ ಸೌರ ಫಲಕ, ಬ್ಯಾಟರಿ ಮತ್ತು ಇನ್ವರ್ಟರನ್ನು ಮನೆಯವರೇ ಜೋಡಿಸಿದ್ದಾರೆ. ಆದರೆ ಮನೆಯ ಲೈನನ್ನು ಬೀದಿಯ ಲೈನ್‌ನಿಂದ ಬೇರ್ಪಡಿಸುವ ಸ್ವಿಚ್ ಹಾಕಿಲ್ಲ. ಆಗ ಮನೆಯ ವಿದ್ಯುತ್ ಮೀಟರಿನ ಮೂಲಕ ಹಿಮ್ಮುಖವಾಗಿ ಬೀದಿಗೆ ಹರಿಯಬಹುದು. 11 ಸಾವಿರ ವೋಲ್ಟನ್ನು ಮನೆಬಳಕೆಗೆ ಇಳಿಸುವ ಟ್ರಾನ್ಸ್‌ಫಾರ್ಮರ್ ಹಿಮ್ಮುಖವಾಗಿಯೂ ಕೆಲಸ ಮಾಡಬಲ್ಲದು. ಮನೆಯ 230 ವೋಲ್ಟ್ ಅದರ ಆಚೆ ಬದಿಯಲ್ಲಿ ಸಾವಿರಾರು ವೋಲ್ಟ್ ಆಗಬಹುದು. ಸತ್ತಿದೆ ಎಂದುಕೊಂಡ ತಂತಿ ಜೀವಂತವಾಗಿರುತ್ತದೆ. ಗ್ರಿಡ್‌ಗೆ ಜೋಡಿಸಲೆಂದೇ ತಯಾರಾದ ಪ್ರಮಾಣಿತ ಇನ್ವರ್ಟರ್‌ಗಳು ಬೀದಿಯ ಕರೆಂಟ್ ಹೋದ ಕೂಡಲೇ ತಾವೂ ನಿಂತುಬಿಡುವುದು ಇದೇ ಕಾರಣಕ್ಕೆ. "ಇಷ್ಟು ಖರ್ಚು ಮಾಡಿಯೂ ಕರೆಂಟ್ ಹೋದಾಗ ಕತ್ತಲೆಯೇ" ಎಂದು ಕೆಲವರು ಗೊಣಗುತ್ತಾರೆ. ಆ ಕತ್ತಲೆ ಕಂಬದ ಮೇಲಿರುವವನ ಪ್ರಾಣಕ್ಕೆ ಕೊಟ್ಟ ಬೆಲೆ ಎಂಬುದು ಅವರಿಗೆ ಗೊತ್ತಿರುವುದಿಲ್ಲ.

ಲೈನ್‌ಮನ್ ಕೆಲಸಕ್ಕೆ ಮುನ್ನ ತಂತಿಯನ್ನು ಪರೀಕ್ಷಿಸಿ ಅರ್ಥ್ ಮಾಡಬೇಕೆಂಬ ನಿಯಮವಿದೆಯಲ್ಲ ಎಂದು ಯಾರಾದರೂ ವಾದಿಸಬಹುದು. ನಿಜ, ನಿಯಮವಿದೆ. ಆದರೆ ಇನ್ನೊಬ್ಬನ ಎಚ್ಚರಿಕೆ ನಮ್ಮ ಅಜಾಗರೂಕತೆಗೆ ಪರವಾನಗಿ ಆಗುವುದಿಲ್ಲ.

ನಮ್ಮ ತಾರಸಿಯಲ್ಲಿ ಏನು ಮಾಡಬೇಕೆಂಬ ಚರ್ಚೆಯಲ್ಲಿ ಆ ಲೈನ್‌ಮನ್ ಪಾಲ್ಗೊಂಡಿಲ್ಲ. ಉಳಿತಾಯದ ಲೆಕ್ಕದಲ್ಲಿ ಅವನಿಗೆ ಪಾಲಿಲ್ಲ. ಆದರೆ ಅಪಾಯದಲ್ಲಿ ಮಾತ್ರ ದೊಡ್ಡ ಪಾಲು ಅವನದೇ. ಪಕ್ಕದ ಮನೆಯ ಮಗು, ಕೆಳಗಿನ ಗಲ್ಲಿಯಲ್ಲಿ ನಡೆಯುವ ಮುದುಕಿ, ಮುಂದೆ ಆ ಮನೆಗೆ ಬಾಡಿಗೆಗೆ ಬರುವ ಕುಟುಂಬ, ಬೆಂಕಿ ಬಿದ್ದರೆ ಏಣಿ ಹತ್ತುವ ಅಗ್ನಿಶಾಮಕ ಸಿಬ್ಬಂದಿ, ಎಲ್ಲರದೂ ಇದೇ ಸ್ಥಿತಿ. "ನನ್ನ ಮನೆ, ನನ್ನ ದುಡ್ಡು, ನನ್ನ ಕೈ" ಎಂಬ ವಾದದಲ್ಲಿ ಮೂರು 'ನನ್ನ' ಇವೆ. ಅಪಾಯ ಮಾತ್ರ 'ನನ್ನದು' ಅಲ್ಲ. ಸ್ವಾವಲಂಬನೆ ಸದ್ಗುಣವಾಗಿ ಉಳಿಯುವುದು ಅದರ ಸೋಲನ್ನು ನಾವೇ ಹೊರುವವರೆಗೆ. ನಮ್ಮ ಸೋಲನ್ನು ಒಪ್ಪಿಗೆ ಕೊಡದ ಮತ್ತೊಬ್ಬರು ಹೊರಬೇಕಾದಾಗ ಅದು ಅವರ ಜೀವದ ಮೇಲೆ ಆಡುವ ಜೂಜು.

ಇಸ್ಲಾಮೀ ಕರ್ಮಶಾಸ್ತ್ರ ಈ ವಿಚಾರವನ್ನು ಶತಮಾನಗಳ ಹಿಂದೆಯೇ ಕೈಗೆತ್ತಿಕೊಂಡಿತ್ತು. ವೈದ್ಯವಿದ್ಯೆ ಬಲ್ಲವನೆಂದು ಪರಿಚಿತನಲ್ಲದವನು ಚಿಕಿತ್ಸೆಗೆ ಕೈಹಾಕಿದರೆ, ಆಗುವ ಹಾನಿಗೆ ಅವನೇ ಹೊಣೆ ಎಂಬ ಆಶಯದ ಹದೀಸ್ ಇದೆ. ಅವನ ಉದ್ದೇಶ ಒಳ್ಳೆಯದಿತ್ತೇ ಎಂಬ ಪ್ರಶ್ನೆ ಅಲ್ಲಿ ಅವನನ್ನು ಪಾರುಮಾಡುವುದಿಲ್ಲ. ಅರಿವಿಲ್ಲದೆ ಇನ್ನೊಬ್ಬರ ದೇಹವನ್ನು ಅಪಾಯಕ್ಕೆ ಒಡ್ಡುವುದೇ ತಪ್ಪು. ಹನಫೀ ವಿದ್ವಾಂಸರು ದಾರಿಯತ್ತ ವಾಲಿದ ಗೋಡೆಯ ಬಗ್ಗೆ ವಿವರವಾಗಿ ಚರ್ಚಿಸಿದ್ದಾರೆ. ಗೋಡೆ ವಾಲಿದೆ ಎಂದು ಎಚ್ಚರಿಸಿದ ಮೇಲೂ ಮಾಲೀಕ ಸರಿಪಡಿಸದೆ ಹೋಗಿ ಅದು ದಾರಿಹೋಕನ ಮೇಲೆ ಬಿದ್ದರೆ ಮಾಲೀಕನ ಮೇಲೆ ಹೊಣೆ ಬೀಳುತ್ತದೆ. ಬೀದಿಗೆ ಚಾಚಿದ ಮಳೆನೀರಿನ ದೋಣಿಯ ವಿಚಾರವೂ ಅವರ ಗ್ರಂಥಗಳಲ್ಲಿದೆ. ಗಲ್ಲಿಯ ಮೇಲೆ ಚಾಚಿ ನಿಂತ ಸಡಿಲ ಚೌಕಟ್ಟು ಆ ವಾಲಿದ ಗೋಡೆಗಿಂತ ಬೇರೆಯೇನಲ್ಲ.

ತಾರಸಿಯನ್ನು ಕುರಿತೇ ಒಂದು ನಿಯಮ ಬೈಬಲಿನ ಧರ್ಮೋಪದೇಶಕಾಂಡದಲ್ಲಿದೆ. ಹೊಸ ಮನೆ ಕಟ್ಟುವವನು ಮಾಳಿಗೆಯ ಸುತ್ತ ಅಡ್ಡಗೋಡೆ ಕಟ್ಟಬೇಕು, ಯಾರಾದರೂ ಬಿದ್ದು ಸತ್ತು ಆ ರಕ್ತದ ದೋಷ ಮನೆಗೆ ತಟ್ಟಬಾರದು ಎಂಬುದು ಅದರ ಆಶಯ. ಅಡ್ಡಗೋಡೆಯಿಲ್ಲದ ಮಾಳಿಗೆಯ ಮೇಲೆ ಮಲಗಬಾರದೆಂದು ಹದೀಸ್ ಕೂಡ ಎಚ್ಚರಿಸುತ್ತದೆ. ಮನೆಯೊಡೆಯನ ಹೊಣೆ ಬಾಗಿಲ ಒಳಗೆ ಮಾತ್ರವಲ್ಲ, ಮಾಳಿಗೆಯ ಅಂಚಿನಲ್ಲೂ ಇದೆ ಎಂದು ಎರಡೂ ಪರಂಪರೆಗಳು ನೆನಪಿಸುತ್ತವೆ.

ಹಾಗಾದರೆ ಯಾರೂ ಏನನ್ನೂ ಮುಟ್ಟಬಾರದೇ? ಖಂಡಿತ ಹಾಗಲ್ಲ. ಹಾಗೆ ಹೇಳುವುದು ಉಳ್ಳವರಿಗೆ ಸುಲಭ. 2024ರ ಫೆಬ್ರವರಿಯಲ್ಲಿ ಆರಂಭವಾದ ಪಿಎಂ ಸೂರ್ಯಘರ್ ಯೋಜನೆಯಲ್ಲಿ 3 ಕಿಲೋವಾಟ್‌ಗೆ 78 ಸಾವಿರ ರೂಪಾಯಿ ಸಹಾಯಧನ ನಿಗದಿಯಾಯಿತು. ಅದನ್ನು ಪಡೆಯಲು ಸ್ವಂತ ಮನೆ, ಗಟ್ಟಿ ತಾರಸಿ, ನೋಂದಾಯಿತ ಮಾರಾಟಗಾರನ ಮೂಲಕ ಅಳವಡಿಕೆ, ಇವೆಲ್ಲ ಬೇಕು. ಬಾಡಿಗೆದಾರನಿಗೆ, ತಗಡಿನ ಮನೆಯವನಿಗೆ ಆ ದಾರಿ ಸುಲಭವಲ್ಲ. 2023ರ ಜುಲೈನಿಂದ ಜಾರಿಗೆ ಬಂದ ಗೃಹಜ್ಯೋತಿಯಿಂದಾಗಿ ಕಡಿಮೆ ಬಳಸುವವರಿಗೆ ಬಿಲ್ಲಿನ ಚಿಂತೆಯೂ ಅಷ್ಟಿಲ್ಲ. ಅವರಿಗೆ ಬೇಕಿರುವುದು ಕರೆಂಟ್ ಹೋದಾಗ ಮಕ್ಕಳು ಓದಲು ಒಂದು ದೀಪ, ತಿರುಗಲು ಒಂದು ಫ್ಯಾನು. ಅದಕ್ಕೆ ಒಂದು ಸಣ್ಣ ಫಲಕ, 12 ವೋಲ್ಟಿನ ಒಂದು ಬ್ಯಾಟರಿ, ಒಂದು ಚಾರ್ಜ್ ಕಂಟ್ರೋಲರ್ ಸಾಕು. ಮನೆಯ ವೈರಿಂಗ್‌ಗೆ ಸಂಬಂಧವೇ ಇಲ್ಲದಂತೆ, ಸರಿಯಾದ ಫ್ಯೂಸ್ ಹಾಕಿ, ಬ್ಯಾಟರಿಯನ್ನು ಗಾಳಿಯಾಡುವ ಜಾಗದಲ್ಲಿಟ್ಟು, ಫಲಕವನ್ನು ಗಾಳಿಗೆ ಹಾರದಂತೆ ಬಿಗಿದು ಇದನ್ನು ಒಬ್ಬ ಜಾಣ ಹುಡುಗ ಕಲಿತು ಮಾಡಬಲ್ಲ. ಇಲ್ಲಿಯೂ ಎಚ್ಚರ ಬೇಕು, ಆದರೆ ತಪ್ಪಿನ ಪರಿಣಾಮ ಬೀದಿಯ ಕಂಬದವರೆಗೆ ಹೋಗುವುದಿಲ್ಲ.

ಜರ್ಮನಿ ಇಂಥದ್ದೇ ಗೆರೆಯನ್ನು ಕಾನೂನಿನಲ್ಲಿ ಎಳೆದಿದೆ. ಅಲ್ಲಿ ಬಾಲ್ಕನಿಗೆ ನೇತುಹಾಕುವ ಸಣ್ಣ ಸೌರ ಘಟಕಗಳನ್ನು ಜನ ತಾವೇ ಜೋಡಿಸಿಕೊಳ್ಳಬಹುದು. 2024ರಲ್ಲಿ ಅದರ ಇನ್ವರ್ಟರ್ ಮಿತಿಯನ್ನು 800 ವಾಟ್‌ಗೆ ಏರಿಸಲಾಯಿತು. ಬೀದಿಯ ಕರೆಂಟ್ ಹೋದರೆ ತಾನೂ ನಿಲ್ಲುವ ಇನ್ವರ್ಟರ್ ಅದರಲ್ಲಿ ಕಡ್ಡಾಯ, ನೋಂದಣಿಯೂ ಕಡ್ಡಾಯ. ಅದಕ್ಕಿಂತ ದೊಡ್ಡದಾದರೆ ತಜ್ಞರೇ ಬರಬೇಕು. ನಮ್ಮಲ್ಲಿ 2022ರ ಜನವರಿಯಲ್ಲಿ ಕೇಂದ್ರ ಸರ್ಕಾರ, ಮನೆಯವರು ತಾವೇ ಅಥವಾ ತಮಗಿಷ್ಟವಾದವರಿಂದ ಫಲಕ ಹಾಕಿಸಿಕೊಂಡು ವಿದ್ಯುತ್ ಕಂಪನಿಗೆ ತಿಳಿಸಿದರೆ ಸಾಕೆಂದು ಪ್ರಕಟಿಸಿತ್ತು. ಬಳಿಕ ರಾಷ್ಟ್ರೀಯ ಪೋರ್ಟಲ್ ಬಂದಾಗ ಸಹಾಯಧನಕ್ಕೆ ನೋಂದಾಯಿತ ಮಾರಾಟಗಾರ ಮತ್ತು ಐದು ವರ್ಷಗಳ ನಿರ್ವಹಣೆಯ ಶರತ್ತು ಸೇರಿಕೊಂಡಿತು. ವಿದ್ಯುತ್ ಸುರಕ್ಷಾ ನಿಯಮಗಳಂತೂ ಬಲ್ಬು, ಫ್ಯಾನು, ಫ್ಯೂಸ್, ಸ್ವಿಚ್ ಬದಲಿಸುವಂಥ ಸಣ್ಣ ಕೆಲಸಗಳನ್ನು ಬಿಟ್ಟು ಉಳಿದದ್ದನ್ನು ಪರವಾನಗಿ ಪಡೆದ ಗುತ್ತಿಗೆದಾರರೇ ಮಾಡಬೇಕೆನ್ನುತ್ತವೆ.

ಆಯ್ಕೆಯೇ ಇಲ್ಲದ ಸ್ಥಿತಿ ಬೇರೆ. ಗಾಝಾದಲ್ಲಿ 2023ರ ಅಕ್ಟೋಬರ್ ನಂತರ ವಿದ್ಯುತ್ ಸಂಪೂರ್ಣ ಕಡಿದುಹೋದಾಗ, ಅಳಿದುಳಿದ ಫಲಕಗಳಿಂದ ಜನ ಮೊಬೈಲ್ ಚಾರ್ಜ್ ಮಾಡಿಕೊಂಡು ತಮ್ಮವರ ಸುದ್ದಿ ತಿಳಿದರು. ಅಲ್ಲಿ ಪರವಾನಗಿಯ ಮಾತೆತ್ತುವುದು ಕ್ರೌರ್ಯ. ಅನಿವಾರ್ಯತೆ ನಿಷಿದ್ಧವನ್ನೂ ಸಡಿಲಿಸುತ್ತದೆ ಎಂಬುದು ಕರ್ಮಶಾಸ್ತ್ರದ ಪ್ರಸಿದ್ಧ ಸೂತ್ರ. ಆದರೆ ಆ ಸಡಿಲಿಕೆ ಅನಿವಾರ್ಯತೆಯ ಅಳತೆಗೆ ಮಾತ್ರ ಎಂಬುದು ಅದರ ಜೊತೆಗೇ ಇರುವ ಇನ್ನೊಂದು ಸೂತ್ರ. ಹತ್ತಿಪ್ಪತ್ತು ಸಾವಿರ ಉಳಿಸುವ ಆಸೆಯನ್ನು ನಾವು ಅನಿವಾರ್ಯತೆ ಎಂದು ಕರೆದುಕೊಳ್ಳಬಾರದು.

ಇಷ್ಟು ಹೇಳಿದ ಮೇಲೆ ತಕ್ಕಡಿಯ ಇನ್ನೊಂದು ತಟ್ಟೆಯನ್ನೂ ನೋಡಬೇಕು. ವೃತ್ತಿಪರರಿಗೆ ಹಣ ಕೊಟ್ಟ ಕೂಡಲೇ ನಮ್ಮ ಕೈ ಶುದ್ಧವಾಯಿತೇ? ನಾವು ಒಪ್ಪಂದ ಮಾಡಿಕೊಳ್ಳುವುದು ಕಂಪನಿಯ ಹೆಸರಿನೊಂದಿಗೆ. ತಾರಸಿ ಹತ್ತುವವನು ದಿನಗೂಲಿಯ ಹದಿಹರೆಯದ ಹುಡುಗನಾಗಿರಬಹುದು. ಸೊಂಟಕ್ಕೆ ಹಗ್ಗವಿಲ್ಲ, ಕಾಲಿಗೆ ಹವಾಯಿ ಚಪ್ಪಲಿ. ಮೂರನೇ ಮಹಡಿಯ ಅಂಚಿನಲ್ಲಿ ನಿಂತು ಅವನು ಗಾಜಿನ ಹಲಗೆ ಎಳೆಯುತ್ತಿರುವಾಗ ನಾವು ಕೆಳಗೆ ಚಹಾ ಕುಡಿಯುತ್ತಿರುತ್ತೇವೆ. ಎಲ್ಲರಿಗಿಂತ ಕಡಿಮೆ ದರ ಹೇಳಿದವನನ್ನು ಆರಿಸಿಕೊಂಡವರು ನಾವೇ. ಆ ಕಡಿಮೆ ದರ ಎಲ್ಲಿಂದ ಬಂತೆಂದು ಕೇಳದವರೂ ನಾವೇ. ಹಗ್ಗದಿಂದ, ತರಬೇತಿಯಿಂದ, ಅರ್ಥಿಂಗ್‌ನ ತಾಮ್ರದಿಂದ ಉಳಿಸಿದ ದುಡ್ಡು ಅದು. ಕೂಲಿಯವನ ಬೆವರು ಆರುವ ಮುನ್ನ ಕೂಲಿ ಕೊಡಬೇಕೆಂಬ ಪ್ರವಾದಿ ಬೋಧನೆ ನಮಗೆ ಗೊತ್ತು. ಆ ಕೂಲಿಯವನು ಜೀವಂತವಾಗಿ ಕೆಳಗಿಳಿಯಬೇಕೆಂಬುದು ಅದಕ್ಕೂ ಮೊದಲಿನ ಮಾತಲ್ಲವೇ? ಹಣ ಕೊಟ್ಟು ಶ್ರಮವನ್ನು ಕೊಳ್ಳಬಹುದು, ಹೊಣೆಯಿಂದ ಬಿಡುಗಡೆಯನ್ನು ಕೊಳ್ಳಲಾಗದು.

ಆದ್ದರಿಂದ ಕೆಲಸವನ್ನು ಬಲ್ಲವರಿಗೆ ಒಪ್ಪಿಸಿದರೂ ಅರಿವನ್ನು ನಾವು ಇಟ್ಟುಕೊಳ್ಳಲೇಬೇಕು. ಡಿ.ಸಿ. ಬದಿಗೆ ಪ್ರತ್ಯೇಕ ಸ್ವಿಚ್ ಇದೆಯೇ? ಚೌಕಟ್ಟಿಗೆ ಅರ್ಥಿಂಗ್ ಆಗಿದೆಯೇ, ಸಿಡಿಲಿಗೆ ರಕ್ಷಣೆ ಇದೆಯೇ? ಹುಡುಗರಿಗೆ ಸುರಕ್ಷಾ ಬೆಲ್ಟ್ ತಂದಿದ್ದೀರಾ? ಬೆಸ್ಕಾಂನ ಪರಿಶೀಲನೆಗೆ ಮೊದಲೇ ಚಾಲೂ ಮಾಡುತ್ತಿಲ್ಲ ತಾನೆ? ಇವನ್ನು ಕೇಳಲು ಇಂಜಿನಿಯರಿಂಗ್ ಪದವಿ ಬೇಕಿಲ್ಲ. ವೃತ್ತಿಪರನ ಪಾಲಿಗೂ ಇದು ಅಮಾನತು, ಅಂದರೆ ನಂಬಿ ಒಪ್ಪಿಸಿದ ಹೊಣೆ. ಖಲೀಫಾ ಅಲಿ(ರ)ಯವರು ಕುಶಲಕರ್ಮಿಗಳನ್ನು ಅವರಿಗೆ ಒಪ್ಪಿಸಿದ ವಸ್ತುಗಳ ಹಾನಿಗೆ ಹೊಣೆಗಾರರನ್ನಾಗಿ ಮಾಡುತ್ತಿದ್ದರೆಂದು ವರದಿಗಳಿವೆ. ಜನಜೀವನ ಸುಸೂತ್ರವಾಗಿ ನಡೆಯಬೇಕಾದರೆ ಕಸುಬುದಾರನ ಮಾತಿಗೆ ಬೆಲೆ ಇರಬೇಕು. ಬೆಲೆ ಇರಬೇಕಾದರೆ ಅವನು ಉತ್ತರದಾಯಿ ಆಗಿರಬೇಕು.

ಇಲ್ಲಿ ನಮ್ಮ ಸಮುದಾಯದ ಒಂದು ನೋವಿನ ವಿಚಾರವನ್ನು ಹೇಳಲೇಬೇಕು. ನಮ್ಮಲ್ಲಿ ಕಸುಬು ಬಂದಿರುವುದು ಉಸ್ತಾದ್‌ನಿಂದ ಶಾಗಿರ್ದ್‌ಗೆ, ಗ್ಯಾರೇಜಿನ ನೆಲದ ಮೇಲೆ. ಅದಕ್ಕೆ ಪ್ರಮಾಣಪತ್ರವಿಲ್ಲ. ಹತ್ತನೇ ತರಗತಿ ಮುಗಿಸದ ಒಬ್ಬ ವೈರ್‌ಮನ್ ಒಳ್ಳೆಯ ಕೆಲಸಗಾರನಾಗಿದ್ದರೂ ನೋಂದಾಯಿತರ ಪಟ್ಟಿಯಲ್ಲಿ ಇರುವುದಿಲ್ಲ. ಕೊನೆಗೆ ಅವನು ಪಟ್ಟಿಯಲ್ಲಿರುವವರ ಕೈಕೆಳಗೆ ದಿನಗೂಲಿಗೆ ದುಡಿಯುತ್ತಾನೆ. ಕೈ ಅವನದು, ಹೆಸರು ಮತ್ತೊಬ್ಬರದು. "ವೃತ್ತಿಪರರನ್ನೇ ಕರೆಯಿರಿ" ಎಂದು ನಾವು ಹೇಳುವಾಗ ಇಂಥವನ ಅನ್ನದ ಮೇಲೆ ಮಣ್ಣು ಹಾಕುತ್ತಿದ್ದೇವೆಯೇ?

ಇದಕ್ಕೆ ಉತ್ತರ ಸುರಕ್ಷತೆಯ ನಿಯಮವನ್ನು ಸಡಿಲಿಸುವುದಲ್ಲ, ಅವನನ್ನು ಆ ನಿಯಮದ ಒಳಗೆ ತರುವುದು. ಪದವಿಯೇ ಅರಿವಲ್ಲ ಎಂಬುದಕ್ಕೆ ಸಾಕ್ಷಿಗಳಿವೆ. ಬಂಕರ್ ರಾಯ್ ಅವರು 1972ರಲ್ಲಿ ಸ್ಥಾಪಿಸಿದ, ರಾಜಸ್ಥಾನದ ತಿಲೋನಿಯಾದ ಬೇರ್‌ಫುಟ್ ಕಾಲೇಜಿನಲ್ಲಿ ಅಕ್ಷರ ಬಾರದ ಹಳ್ಳಿಯ ಅಜ್ಜಿಯರು ಸೌರ ಉಪಕರಣ ಜೋಡಿಸಿ ದುರಸ್ತಿ ಮಾಡಲು ಕಲಿತಿದ್ದಾರೆ. ಆಫ್ರಿಕಾದ ದೇಶಗಳಿಂದಲೂ ಮಹಿಳೆಯರು ಬಂದು ಬಣ್ಣ ಮತ್ತು ಸನ್ನೆಗಳ ಮೂಲಕ ಕಲಿತು ತಮ್ಮ ಹಳ್ಳಿಗಳಿಗೆ ಬೆಳಕು ಒಯ್ದಿದ್ದಾರೆ. ನಮ್ಮದೇ ಕರ್ನಾಟಕದಲ್ಲಿ ಹರೀಶ್ ಹಂದೆಯವರು 1995ರಲ್ಲಿ ಸಹಸಂಸ್ಥಾಪಕರಾಗಿ ಕಟ್ಟಿದ ಸೆಲ್ಕೋ ಸಂಸ್ಥೆ, ಬಡವರ ಮನೆಗೂ ಸೌರದೀಪ ಕೊಟ್ಟು ಮನೆಬಾಗಿಲಿಗೇ ಹೋಗಿ ದುರಸ್ತಿ ಮಾಡಿಕೊಡಬಹುದೆಂದು ತೋರಿಸಿತು. ಹಂದೆಯವರಿಗೆ 2011ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಬಂತು. ತಿಲೋನಿಯಾದ ಅಜ್ಜಿ ಕೂಡ 'ಬಲ್ಲವಳು' ಆದದ್ದು ಶ್ರಮಪಟ್ಟು ಕಲಿತು, ಕಲಿತದ್ದನ್ನು ಇನ್ನೊಬ್ಬರ ಎದುರು ಸಾಬೀತುಪಡಿಸಿದ ಮೇಲೆಯೇ.

ಇಮಾಮ್ ಗಝ್ಝಾಲಿ(ರ)ಯವರು ವೈದ್ಯಕೀಯ, ಗಣಿತ, ಕೃಷಿ, ನೇಯ್ಗೆಯಂಥ ಬದುಕಿಗೆ ಬೇಕಾದ ವಿದ್ಯೆ-ಕಸುಬುಗಳನ್ನು ಫರ್ಝ್ ಕಿಫಾಯಾ ಎಂದು ಕರೆದರು. ಊರಿನಲ್ಲಿ ಸಾಕಷ್ಟು ಮಂದಿ ಅದನ್ನು ಬಲ್ಲವರಿದ್ದರೆ ಎಲ್ಲರ ಹೊಣೆ ತೀರುತ್ತದೆ, ಯಾರೂ ಇಲ್ಲದಿದ್ದರೆ ಊರೆಲ್ಲ ದೋಷಿ ಎಂದು ಅದರ ಅರ್ಥ. ಇಂದು ಸುರಕ್ಷಿತವಾಗಿ ವಿದ್ಯುತ್ ಜೋಡಿಸುವ ವಿದ್ಯೆಯನ್ನು ಆ ಪಟ್ಟಿಗೆ ಸೇರಿಸಲು ಅಡ್ಡಿಯೇನಿದೆ? ನಮ್ಮ ಜಮಾಅತ್‌ಗಳು, ಸಂಘಟನೆಗಳು, ಉಳ್ಳವರು ವರ್ಷಕ್ಕೆ ಹತ್ತು ಹುಡುಗರ ಐಟಿಐ ಶುಲ್ಕ ಕಟ್ಟಬಹುದು. ಕಸುಬು ಬಲ್ಲ ಹಿರಿಯರಿಗೆ ವೈರ್‌ಮನ್ ಪರವಾನಗಿಯ ಅರ್ಜಿ ತುಂಬಿಸಿ ಪರೀಕ್ಷೆಗೆ ಕೂರಿಸಬಹುದು. ಸೌರ ತಂತ್ರಜ್ಞರಿಗಾಗಿ ಕೇಂದ್ರ ಸರ್ಕಾರ 2015ರಲ್ಲಿ ಆರಂಭಿಸಿದ ಸೂರ್ಯಮಿತ್ರದಂಥ ತರಬೇತಿಗಳ ಸುದ್ದಿಯನ್ನು ಶುಕ್ರವಾರದ ಜುಮಾ ಬಳಿಕ ಘೋಷಿಸಬಹುದು. ಎಷ್ಟೋ ಭಾಷಣಗಳಿಗಿಂತ ಇದು ಮೇಲು.

ಮಸೀದಿ-ಮದ್ರಸಾಗಳ ಮೇಲೆ ಫಲಕ ಹಾಕುವ ಮಾತು ಬಂದಾಗ ಈ ಎಲ್ಲ ಪ್ರಶ್ನೆಗಳೂ ಇನ್ನಷ್ಟು ಹರಿತವಾಗುತ್ತವೆ. "ನಮ್ಮ ಹುಡುಗ್ರೇ ಅದಾರಲ್ಲ, ಸೇವೆ ಅಂತ ಮಾಡ್ಕೊಡ್ತಾರೆ" ಎಂದು ಕಮಿಟಿಯಲ್ಲಿ ಒಬ್ಬರಾದರೂ ಹೇಳಿಯೇ ಹೇಳುತ್ತಾರೆ. ಆ ಹುಡುಗರ ಸೇವಾಭಾವ ದೊಡ್ಡದು. ಆದರೆ ಅಲ್ಲಿ ಖರ್ಚಾಗುವುದು ದಾನಿಗಳ ಹಣ. ಅಡಿಯಲ್ಲಿ ಕೂರುವವರು ನೂರಾರು ನಮಾಝಿಗಳು, ಓದಲು ಬಂದ ಮಕ್ಕಳು. ಅಲ್ಲಿ ಹುಡುಗರು ಬಲ್ಲವನ ಕೈಕೆಳಗೆ ನಿಂತು ಚೌಕಟ್ಟು ಹೊರಲಿ, ನೀರು ಹಾಕಿ ಫಲಕ ತೊಳೆಯುವ ಪಾಳಿ ವಹಿಸಿಕೊಳ್ಳಲಿ, ನೋಡಿ ಕಲಿಯಲಿ. ತಂತಿಯ ಜೋಡಣೆಗೆ ಸಹಿ ಹಾಕಿ ಹೊಣೆ ಹೊರುವ ಒಬ್ಬ ಪರಿಣತ ಇರಲೇಬೇಕು.

ಬಿಸಿಲಿಗೆ ಯಾರೂ ದರ ಕಟ್ಟಿಲ್ಲ. ಅದು ದೇವನ ಉದಾರ ಕೊಡುಗೆ. ಹರಿಹರದ ತುಂಗಭದ್ರೆಯ ದಡದ ಗುಡಿಸಲಿನ ಮೇಲೂ ದಾವಣಗೆರೆಯ ಬಂಗಲೆಯ ಮೇಲೂ ಅದು ಒಂದೇ ಸಮನೆ ಬೀಳುತ್ತದೆ. ಆ ಕೊಡುಗೆಯನ್ನು ಮನೆಯೊಳಗೆ ತರುವಾಗ ಎರಡು ಪ್ರಶ್ನೆ ಕೇಳಿಕೊಂಡರೆ ಸಾಕು. ಇಲ್ಲಿ ತಪ್ಪಾದರೆ ನೋಯುವವರು ಯಾರು? ಅವರು ನನ್ನ ಎದುರು ನಿಂತು "ನಿನಗೆ ಈ ಕೆಲಸ ಗೊತ್ತಿತ್ತೇ?" ಎಂದು ಕೇಳಿದರೆ ನನ್ನ ಬಳಿ ಉತ್ತರವಿದೆಯೇ? ಉತ್ತರವಿರುವಲ್ಲಿ ಬಿಸ್ಮಿಲ್ಲಾ ಹೇಳಿ ಸ್ವಂತ ಕೈ ಹಾಕೋಣ. ಇಲ್ಲದಿದ್ದಲ್ಲಿ ಬಲ್ಲವರನ್ನು ಕರೆಯೋಣ, ಅವರಿಗೆ ನ್ಯಾಯವಾದ ಬೆಲೆ ಕೊಡೋಣ, ಮೇಲೆ ಹತ್ತಿದ ಹುಡುಗನ ಸೊಂಟದ ಹಗ್ಗವನ್ನು ಒಮ್ಮೆ ನಾವೇ ನೋಡೋಣ.